ಗ್ರೀಕ್ ದುರಂತ ನಾಟಕದ ‘ಪೆರಿಪೆಟಿಯಾ’: ‘ತಿರುಗುಬಾಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ದುರಂತ ನಾಟಕದ ಕತೆಯನ್ನು ಹೇಗೆ ಕಟ್ಟಬೇಕು ಅಂತ ಅರಿಸ್ಟಾಟಲ್ ಹೇಳುವ ಕಡೆ ‘ಪೆರಿಪೆಟಿಯಾ’ ಎಂಬ ಮಾತು ಬರುತ್ತದೆ. ಇದಕ್ಕೆ ಕನ್ನಡದಲ್ಲಿ ‘ವಿಪರ್ಯಯ’ ಅನ್ನಬಹುದು, ‘ತಿರುವು’ ಅನ್ನಬಹುದು. ಎರಡೂ ನನಗೆ ಸಾಲುತ್ತಿಲ್ಲ. ‘ವಿಪರ್ಯಯ’ ಅಂದರೆ ಅದಕ್ಕೇ ಮತ್ತೆ ಅರ್ಥ ಹೇಳಬೇಕು. ‘ತಿರುವು’ ಅಂದರೆ ಧಾರಾವಾಹಿಯಲ್ಲಿ ದಿನಾ ಬರುವ ತಿರುವೂ ಇದೂ ಒಂದೇ ಆಗಿಬಿಡುತ್ತದೆ.

ಅರಿಸ್ಟಾಟಲ್ ಹೇಳುತ್ತಿರುವುದು ಸುಮ್ನೆ ಅಚ್ಚರಿಯ ಘಟನೆಯನ್ನಲ್ಲ. ನಡೆಯುತ್ತಿದ್ದ ಕೆಲಸ ತದ್ವಿರುದ್ಧ ದಿಕ್ಕಿಗೆ ತಿರುಗಬೇಕು. ಅದೂ ಹಿಂದೆ ನಡೆದದ್ದರಿಂದಲೇ ಹುಟ್ಟಿ ಬರಬೇಕು. ಅವನೇ ಕೊಡುವ ಉದಾಹರಣೆ ಸೊಫೊಕ್ಲಿಸ್‌ನ ನಾಟಕ ‘ಈಡಿಪಸ್’. ಕೊರಿಂಥ್‌ನಿಂದ ಒಬ್ಬ ಮುದುಕ ಸುದ್ದಿ ತರುತ್ತಾನೆ: ರಾಜ ಪಾಲಿಬಸ್ ತೀರಿಕೊಂಡ, ಇನ್ನು ಅಲ್ಲಿಗೆ ನೀನೇ ರಾಜ. ಅಪ್ಪನನ್ನು ಕೊಲ್ಲುತ್ತೀಯ, ಅಮ್ಮನನ್ನು ಮದುವೆಯಾಗುತ್ತೀಯ ಎಂಬ ಕಣಿಗೆ ಹೆದರಿ ಆ ಊರು ಬಿಟ್ಟವನು ಈಡಿಪಸ್. ಈಗ ಅರ್ಧ ಭಾರ ಇಳಿಯುತ್ತದೆ. ಅಮ್ಮ ಇನ್ನೂ ಇದ್ದಾಳಲ್ಲ ಅಂತ ಅವನು ಅಳುಕಿದಾಗ ಮುದುಕ ಧೈರ್ಯ ಹೇಳುತ್ತಾನೆ: ಅವರು ನಿನ್ನನ್ನು ಹೆತ್ತವರೇ ಅಲ್ಲ. ಕಿಥೈರಾನ್ ಬೆಟ್ಟದಲ್ಲಿ ಕುರಿ ಕಾಯುವವನೊಬ್ಬ ಕಾಲಿನ ಗಿಣ್ಣು ಚುಚ್ಚಿದ್ದ ಕೂಸನ್ನು ಕೊಟ್ಟ, ಅದನ್ನು ಒಯ್ದು ಅವರಿಗೆ ಒಪ್ಪಿಸಿದವನು ನಾನೇ.

ಸಮಾಧಾನಕ್ಕೆ ಆಡಿದ ಮಾತು ಅದು. ಅಷ್ಟರಲ್ಲೇ ಪಕ್ಕದಲ್ಲಿದ್ದ ಈಡಿಪಸ್‌ನ ಹೆಂಡತಿ ಯೊಕಾಸ್ಟಾಳಿಗೆ ಎಲ್ಲ ತಿಳಿದುಹೋಗುತ್ತದೆ: ಅವನನ್ನು ಹೆತ್ತವಳು ತಾನೇ. ಇನ್ನು ಕೆದಕಬೇಡ ಅಂತ ಅವಳು ಬೇಡಿಕೊಳ್ಳುತ್ತಾಳೆ. ಗಂಡ ಕೀಳು ಮನೆತನದವನಾಗಿಬಿಟ್ಟಾನು ಅಂತ ಇವಳಿಗೆ ನಾಚಿಕೆ ಅಂದುಕೊಳ್ಳುತ್ತಾನೆ ಈಡಿಪಸ್. ಈ ಜಾಗ ಓದುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇದಕ್ಕೆ ನನಗೆ ಹೊಳೆಯುವ ಮಾತು ‘ತಿರುಗುಬಾಣ’. ಆದರೆ ಒಂದು ತೊಡಕಿದೆ. ತಿರುಗುಬಾಣ ಅಂದರೆ ಬಿಟ್ಟವನಿಗೇ ಬಂದು ತಗಲಬೇಕು. ಇಲ್ಲಿ ಮುದುಕನಿಗೆ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಕೇಳಿಸಿಕೊಂಡವನಿಗೆ. ಇಡೀ ನಾಟಕಕ್ಕೆ ನೋಡಿದರೆ ಮಾತ್ರ ಪದ ಸರಿಯಾಗಿ ಕೂರುತ್ತದೆ. ಹಿಂದಿನ ರಾಜ ಲಾಯಸ್‌ನನ್ನು (ಈಡಿಪಸ್‌ನನ್ನು ಹೆತ್ತ ಅಪ್ಪ ಇವನೇ) ಕೊಂದವನು ಹಾಳಾಗಲಿ ಅಂತ ಊರೆದುರು ಶಪಿಸಿದವನು ಈಡಿಪಸ್ಸೇ, ಶಾಪ ತಗಲಿದ್ದೂ ಅವನಿಗೇ ಅಲ್ವಾ? ‘ತಿರುವುಮುರುವು’ ಅನ್ನೋಣವೆಂದರೆ ಅದರಲ್ಲಿ ಗೊಂದಲದ ಅರ್ಥ ಜಾಸ್ತಿ.

ಇದರ ಜೊತೆಗೇ ಬರುವುದು ‘ಅನಗ್ನೊರಿಸಿಸ್’, ಅಂದರೆ ತಿಳಿಯದ್ದು ತಿಳಿಯುವುದು. ಇದಕ್ಕೆ ‘ಅಭಿಜ್ಞಾನ’ ಎಂದರೆ ಥಟ್ಟನೆ ನೆನಪಾಗುವುದು ಶಕುಂತಲೆಯ ಉಂಗುರ. ಆದರೆ ಗಾಯದ ಕಲೆ, ಕೊರಳ ಸರ ಇಂಥ ಕುರುಹುಗಳಿಂದ ಗುರುತು ಸಿಗುವುದನ್ನು ಅರಿಸ್ಟಾಟಲ್ ಕೆಳಗಿಡುತ್ತಾನೆ. ಘಟನೆಗಳಿಂದಲೇ ತಾನಾಗಿ ಹೊರಬರುವುದು ಅವನಿಗೆ ಮೇಲು. ಹಾಗಾಗಿ ‘ಗುರುತು ಹತ್ತುವುದು’ ಅನ್ನುವುದೇ ನನಗೆ ಹೆಚ್ಚು ಹಿಡಿಸುತ್ತದೆ.

ಕತೆಯ ಎರಡು ಭಾಗಗಳಿಗೆ ಅವನು ಹೇಳುವ ‘ದೆಸಿಸ್’, ‘ಲೂಸಿಸ್’ಗೆ ತೊಂದರೆಯಿಲ್ಲ. ಗಂಟು ಹಾಕುವುದು, ಗಂಟು ಬಿಚ್ಚುವುದು, ಅಷ್ಟೇ. ನಾಟಕ ಶುರುವಾಗುವ ಮುಂಚೆ ನಡೆದದ್ದೂ ಗಂಟಿನಲ್ಲೇ ಸೇರುತ್ತದೆ. ಈಡಿಪಸ್‌ನಲ್ಲಿ ಕಣಿ, ಬೆಟ್ಟಕ್ಕೆ ಕಳಿಸಿದ ಕೂಸು, ಮೂರು ದಾರಿ ಕೂಡುವಲ್ಲಿ ನಡೆದ ಲಾಯಸ್‌ನ ಕೊಲೆ ಎಲ್ಲ ಅಂಥವೇ.

ನಾಯಕನನ್ನು ಕೆಳಗೆ ಬೀಳಿಸುವ ‘ಹಮಾರ್ಟಿಯಾ’ಕ್ಕೆ ‘ದೋಷ’ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ. ದೋಷ ಅಂದ ಕೂಡಲೇ ಅದು ಮನುಷ್ಯನ ಸ್ವಭಾವಕ್ಕೆ ಅಂಟಿಕೊಳ್ಳುತ್ತದೆ, ಈಡಿಪಸ್‌ನ ಕೋಪವೋ ಗರ್ವವೋ ಎಲ್ಲಕ್ಕೂ ಕಾರಣ ಅನ್ನುವಂತಾಗುತ್ತದೆ. ಕೆಟ್ಟತನದಿಂದಲ್ಲ, ಹಮಾರ್ಟಿಯಾದಿಂದ ಕೆಳಗೆ ಬಿದ್ದವನು ಅಂತಲ್ಲವೇ ಅರಿಸ್ಟಾಟಲ್ ಹೇಳುವುದು? ಆ ಗ್ರೀಕ್ ಪದದ ಬೇರಿನಲ್ಲಿ ಎಸೆದ ಈಟಿ ಗುರಿ ತಪ್ಪುವ ಅರ್ಥವಿದೆ. ನಮ್ಮ ‘ತಪ್ಪು’ ಎರಡನ್ನೂ ಹೇಳುತ್ತದೆ: ಗುರಿ ತಪ್ಪಿತು, ಅವನು ತಪ್ಪು ಮಾಡಿದ. ಇಷ್ಟು ಚೆನ್ನಾಗಿ ಹೊಂದುವ ಪದ ಕೈಯಲ್ಲೇ ಇರುವಾಗ ಬೇರೆಯದನ್ನು ಯಾಕೆ ಹುಡುಕಬೇಕು?

ಉಳಿದದ್ದು ಪೆರಿಪೆಟಿಯಾ ಒಂದೇ. ಒಳ್ಳೆಯದಕ್ಕೆಂದು ಮಾಡಿದ್ದು ಕೆಟ್ಟದ್ದಕ್ಕೆ ತಿರುಗಿತು, ಆದರೆ ಮಾಡಿದವನಿಗೇ ತಗಲಬೇಕೆಂದಿಲ್ಲ. ಈ ಅರ್ಥಕ್ಕೆ ನಿಮ್ಮ ಕಡೆ ಆಡುಮಾತಿನಲ್ಲಿ ಪದ ಇದೆಯೇ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ತಿಳಿಸಿ. ಅದನ್ನು ಬಳಸುವ ಒಂದು ವಾಕ್ಯವನ್ನೂ ಜೊತೆಗೆ ಬರೆದರೆ ಉಪಕಾರವಾಗುತ್ತದೆ. ‘ತಿರುಗುಬಾಣ’ವನ್ನೇ ಸ್ವಲ್ಪ ಹಿಗ್ಗಿಸಿ ಬಳಸಬಹುದು ಅನಿಸಿದರೆ ಅದನ್ನೂ ಹೇಳಿ.