ಓದಿ ಮುಗಿಸಿದ ಮೇಲೆ ‘ಚೆನ್ನಾಗಿತ್ತು’ ಬಿಟ್ಟು ಬೇರೆ ಮಾತೇ ಬರ್ತಿಲ್ಲ, ನಿಮ್ಮ ಅನುಭವ ಹೇಳಿ

ತುಂಬಾ ಕಾಲದ ನಂತರ ಮತ್ತೆ ಓದು ಹಚ್ಚಿಕೊಂಡಿದ್ದೇನೆ. ಓದೋದೆಲ್ಲ ಜನಪ್ರಿಯ ಕಾದಂಬರಿಗಳೇ. ಥ್ರಿಲ್ಲರ್, ಪತ್ತೇದಾರಿ, ನಡುನಡುವೆ ಒಂದು ಪ್ರೇಮಕತೆ. ಓದುವಾಗ ಪುಸ್ತಕ ಕೆಳಗಿಡೋಕೆ ಮನಸ್ಸಾಗಲ್ಲ. ಮುಗಿಸಿ ವಾರ ಕಳೆಯೋಷ್ಟರಲ್ಲಿ ನಾಯಕಿಯ ಹೆಸರೂ ಮರೆತಿರುತ್ತೆ. ಮೊನ್ನೆ ಎಲ್ಲರೂ ಹೊಗಳಿದ ಒಂದು ಥ್ರಿಲ್ಲರ್‌ನ ಕೊನೆ ಓದಿ ವಿಪರೀತ ಸಿಟ್ಟು ಬಂತು. ಯಾಕೆ ಅಂತ ಗೆಳತಿ ಕೇಳಿದರೆ ಹೇಳೋಕೆ ಆಗಲಿಲ್ಲ. ನೀವೆಲ್ಲ ಓದಿದ್ದನ್ನು ಹೇಗೆ ಉಳಿಸಿಕೊಳ್ತೀರಿ? ಅನಿಸಿದ್ದನ್ನು ಹೇಗೆ ಮಾತಿಗೆ ತರ್ತೀರಿ? ಅಥವಾ ಇಂಥ ಪುಸ್ತಕಗಳಿಂದ ಅಷ್ಟೆಲ್ಲ ನಿರೀಕ್ಷೆ ಮಾಡೋದೇ ತಪ್ಪಾ?

———

ನಿರೀಕ್ಷೆ ಖಂಡಿತ ತಪ್ಪಲ್ಲ. ‘ಪುಸ್ತಕ ಹೇಗಿತ್ತು’ ಎಂದು ಕೇಳಿಕೊಂಡರೆ ನನಗೂ ಏನೂ ಹೊಳೆಯುವುದಿಲ್ಲ. ‘ಎಲ್ಲಿ’ ಎಂದು ಕೇಳಿಕೊಂಡರೆ ಮಾತು ತಾನಾಗಿ ಬರುತ್ತದೆ. ಎಲ್ಲಿ ಓದು ನಿಧಾನವಾಯಿತು, ಎಲ್ಲಿ ಎರಡು ಸಾಲು ಹಿಂದೆ ಹೋಗಿ ಮತ್ತೆ ಓದಿದೆ, ಎಲ್ಲಿ ಪುಟ ಹಾರಿಸಿದೆ, ಎಲ್ಲಿ ಪುಸ್ತಕ ಮಡಚಿ ಸುಮ್ಮನೆ ಕೂತೆ. ಓದುವಾಗಲೇ ಅಂಥ ಕಡೆ ಪೆನ್ಸಿಲ್‌ನಿಂದ ಅಂಚಿನಲ್ಲಿ ಒಂದು ಗೀಟು ಹಾಕುತ್ತೇನೆ. ಏನೂ ಬರೆಯುವುದಿಲ್ಲ, ಬರೆಯಲು ನಿಂತರೆ ಓದಿನ ಲಯ ತಪ್ಪುತ್ತದೆ. ಮುಗಿಸಿದ ಮರುದಿನ ಗೀಟು ಹಾಕಿದ ಪುಟಗಳನ್ನಷ್ಟೇ ತಿರುವಿ ಹಾಕುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಈಚೆಗೆ ಡಾಫ್ನೆ ಡು ಮಾರಿಯೇ ಅವರ ‘ರೆಬೆಕಾ’ ಓದಿದೆ. 1938ರ ಕಾದಂಬರಿ, ಬಂದ ಹೊಸದರಲ್ಲೇ ಭರ್ಜರಿಯಾಗಿ ಮಾರಾಟವಾದದ್ದು. ಶ್ರೀಮಂತ ವಿಧುರನನ್ನು ಮದುವೆಯಾಗಿ ಅವನ ಬಂಗಲೆಗೆ ಬರುವ ಹುಡುಗಿಯೊಬ್ಬಳು ಕತೆ ಹೇಳುತ್ತಾಳೆ. ತೀರಿಹೋದ ಮೊದಲ ಹೆಂಡತಿಯ ಹೆಸರು ಪುಸ್ತಕದ ಮುಖಪುಟದ ಮೇಲೇ ಇದೆ, ಕತೆ ಹೇಳುವವಳ ಹೆಸರು ಕೊನೆಯವರೆಗೂ ನಮಗೆ ತಿಳಿಯುವುದಿಲ್ಲ. ಮುಂದೆ ರಹಸ್ಯ, ವಿಚಾರಣೆ ಎಲ್ಲ ಬರುತ್ತವೆ. ನನ್ನ ಗೀಟು ಬಿದ್ದದ್ದು ಮಾತ್ರ ಅದಕ್ಕೂ ಬಹಳ ಮೊದಲೇ, ಒಂದು ಪಿಂಗಾಣಿ ಬೊಂಬೆಯ ಪ್ರಸಂಗದಲ್ಲಿ. ರೆಬೆಕಾಳ ಬರೆಯುವ ಮೇಜಿನ ಮೇಲಿದ್ದ ಪುಟ್ಟ ಮನ್ಮಥನ ಬೊಂಬೆ ಈ ಹುಡುಗಿಯಿಂದ ಬಿದ್ದು ಒಡೆಯುತ್ತದೆ. ಆ ಮನೆಗೆ ಈಗ ಯಜಮಾನಿ ಅವಳೇ. ಆದರೂ ಚೂರುಗಳನ್ನು ಆಯ್ದು ಡ್ರಾಯರ್‌ನ ಹಿಂಬದಿಯಲ್ಲಿ ಬಚ್ಚಿಡುತ್ತಾಳೆ! ಆಮೇಲೆ ಕೆಲಸದ ಹುಡುಗನ ಮೇಲೆ ಅನುಮಾನ ಬಂದಾಗ ಗಂಡನ ಮುಂದೆ ಬಾಯಿಬಿಡಬೇಕಾಗುತ್ತದೆ.

ಅದನ್ನು ಓದುವಾಗ ನನ್ನ ಮುಖ ಬಿಸಿಯಾಯಿತು. ಮರುದಿನ ಗೀಟು ನೋಡಿ ಯಾಕೆ ಎಂದು ಯೋಚಿಸಿದೆ. ‘ನಿಮಗಿಂತ ಮುಂಚೆ ಇಲ್ಲಿದ್ದವರು ಎಷ್ಟು ಚೆನ್ನಾಗಿ ಮಾಡುತ್ತಿದ್ದರು ಗೊತ್ತಾ’ ಎಂಬ ಮಾತನ್ನು ದಿನಾ ಕೇಳಿಸಿಕೊಳ್ಳಬೇಕಾದ ಕಡೆ ನಾನು ಕೆಲಸ ಮಾಡಿದ್ದೇನೆ. ನನಗೆ ಕೊಟ್ಟ ಕುರ್ಚಿಯನ್ನು ಒಂಚೂರು ಪಕ್ಕಕ್ಕೆ ಸರಿಸಲೂ ಅಂಜಿಕೆ. ಆ ಅಂಜಿಕೆಗೆ ಇಷ್ಟು ಸರಿಯಾದ ಚಿತ್ರ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಹೇಳಲು ಬೇಕಾದ ಮಾತು ಅಷ್ಟು ಹೊತ್ತಿಗೆ ಸಿಕ್ಕಿತ್ತು. ಕಥಾಸಾರ ಮರೆತರೂ ಆ ಡ್ರಾಯರ್ ಮರೆಯುವುದಿಲ್ಲ.

ಬೇಸರಕ್ಕೂ ಹೀಗೇ ಜಾಗ ಹುಡುಕಬಹುದು. ಅಲೆಕ್ಸ್ ಮೈಕೆಲಿಡಿಸ್ ಅವರ ‘ದಿ ಸೈಲೆಂಟ್ ಪೇಷಂಟ್’ (2019) ಓದುವಾಗ ನಡುವೆ ಎಲ್ಲೋ ಮನಸ್ಸು ಹಿಂದೆ ಸರಿಯಿತು. ಗಂಡನಿಗೆ ಗುಂಡು ಹೊಡೆದ ಮೇಲೆ ಮಾತೇ ಬಿಟ್ಟ ಚಿತ್ರಕಾರ್ತಿ, ಅವಳನ್ನು ಮಾತಾಡಿಸಲು ಹೊರಟ ಮನೋಚಿಕಿತ್ಸಕ, ಎಷ್ಟು ಗಟ್ಟಿ ಆರಂಭ! ಗೀಟುಗಳನ್ನು ನೋಡಿದರೆ ಎಲ್ಲವೂ ಅವಳ ಡೈರಿಯ ಭಾಗದಲ್ಲಿದ್ದವು. ಡೈರಿಯಲ್ಲಿ ಅವರಿವರು ಆಡಿದ ಮಾತುಗಳು ಉದ್ದುದ್ದ ಸಂಭಾಷಣೆಯಾಗಿ ಬರುತ್ತವೆ. ಮನಸ್ಸು ಕಲಕಿಹೋದವರು ಡೈರಿಯನ್ನು ಹಾಗೆ ಬರೆಯುತ್ತಾರೆ ಎಂದು ನನಗೆ ನಂಬಿಕೆ ಬರಲಿಲ್ಲ. ಅವಳ ದನಿ ಅಳಿಸಿ ಲೇಖಕರ ದನಿ ಕೇಳತೊಡಗಿತು. ಕೊನೆಯ ತಿರುವು ನನ್ನನ್ನೂ ಬೆಚ್ಚಿಬೀಳಿಸಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಚ್ಚಿದ್ದು ಬೇರೆ, ನಂಬಿದ್ದು ಬೇರೆ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

———

ಸಿಟ್ಟಿನ ಬಗ್ಗೆ ಮಾತ್ರ ಹೇಳ್ತೀನಿ. ಕೊನೆ ಓದಿ ಬರೋ ಸಿಟ್ಟಿನಲ್ಲಿ ಎರಡು ಜಾತಿ ಇದೆ. ಮೊದಲು ಅದು ಯಾವುದು ಅಂತ ಬೇರ್ಪಡಿಸಿಕೊಳ್ಳಿ.

ಒಂದು, ಲೇಖಕ ಆಟದ ನಿಯಮ ಮುರಿದಾಗ ಬರೋದು. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ, ಅವರೂ ಪತ್ತೇದಾರಿ ಬರೆಯುತ್ತಿದ್ದವರೇ, ಇಂಥ ಕತೆಗಳಿಗೆ ಹತ್ತು ನಿಯಮ ಹಾಕಿಕೊಟ್ಟರು. ಅಪರಾಧಿ ಕತೆಯ ಆರಂಭದಲ್ಲೇ ಎಲ್ಲಾದರೂ ಕಾಣಿಸಿಕೊಂಡಿರಬೇಕು, ಪತ್ತೇದಾರನ ಕೈಗೆ ಸಿಕ್ಕ ಸುಳಿವು ಓದುಗರಿಗೂ ಸಿಗಬೇಕು, ಹೀಗೆ. ನಿಮ್ಮ ಥ್ರಿಲ್ಲರ್ ಈ ಎರಡರಲ್ಲಿ ಒಂದನ್ನು ಮುರಿದಿದ್ದರೆ ನಿಮ್ಮ ಸಿಟ್ಟಿಗೆ ನ್ಯಾಯ ಇದೆ. ಕೊನೆ ಗೊತ್ತಾದ ಮೇಲೆ ಮೊದಲ ಮೂವತ್ತು ಪುಟ ಮತ್ತೆ ಓದಿದರೆ ತಿಳಿದುಬಿಡುತ್ತೆ. ಸುಳಿವು ಅಲ್ಲೇ ಇದ್ದು ನಾವು ಗಮನಿಸಿರದಿದ್ದರೆ ಸಿಟ್ಟು ಹೋಗಿ ಲೇಖಕರ ಮೇಲೆ ಗೌರವ ಬರುತ್ತೆ. ನನಗೆ ಹಾಗೆ ಆಗಿದೆ.

ಇನ್ನೊಂದು ಜಾತಿಯ ಸಿಟ್ಟು ಪ್ರೀತಿಯಿಂದ ಬರೋದು. ಆ ಪಾತ್ರಕ್ಕೆ ಹೀಗಾಗಬಾರದಿತ್ತು ಅನ್ನೋ ಸಂಕಟ. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಜಲಪಾತದ ಹತ್ತಿರ ಮುಗಿಸಿದರು, ಓದುಗರು ಎಷ್ಟು ಕಾಲವಾದರೂ ಅವನನ್ನು ಬಿಡಲಿಲ್ಲ, 1903ರಲ್ಲಿ ಅವನು ಬದುಕಿ ಬರಲೇಬೇಕಾಯ್ತು. ಡಿಕನ್ಸ್ ಕೂಡ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ಗೆ ಮೊದಲು ಬರೆದ ಕೊನೆಯನ್ನು ಗೆಳೆಯರೊಬ್ಬರ ಮಾತು ಕೇಳಿ 1861ರಲ್ಲಿ ಬದಲಿಸಿದರು. ಮೊದಲಿನದರಲ್ಲಿ ನಾಯಕ ಪಿಪ್ ಮತ್ತು ಅವನು ಪ್ರೀತಿಸಿದ ಎಸ್ಟೆಲ್ಲಾ ಬೇರೆಯಾಗುತ್ತಾರೆ, ಎರಡನೆಯದರಲ್ಲಿ ಒಂದು ಆಸೆ ಉಳಿಯುತ್ತೆ. ನನಗೆ ಮೊದಲಿನದೇ ಇಷ್ಟ. ಯಾಕೆ ಅಂತ ವಿವರಿಸಲು ಹೊರಟಾಗಲೇ, ಆ ಕಾದಂಬರಿಯಿಂದ ನನಗೇನು ಬೇಕಿತ್ತು ಅಂತ ಸ್ಪಷ್ಟವಾಗಿದ್ದು. ನೀವೂ ಆ ಥ್ರಿಲ್ಲರ್‌ಗೆ ನಿಮಗೆ ಒಪ್ಪುವ ಕೊನೆಯನ್ನು ನಾಲ್ಕು ಸಾಲಿನಲ್ಲಿ ಬರೆದು ನೋಡಿ. ಸಿಟ್ಟಿನ ಕಾರಣ ಆ ನಾಲ್ಕು ಸಾಲಿನಲ್ಲಿ ಇದ್ದೇ ಇರುತ್ತೆ.

———

ಮರೆಯುವುದಕ್ಕೆ ಅಷ್ಟು ಬೇಸರ ಮಾಡಿಕೊಳ್ಳಬೇಡಿ ಎನ್ನಲು ಬಂದೆ.

ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಅವರ ಪಕ್ಕ ಕೂತು ‘ದಿ ಥರ್ಸ್‌ಡೇ ಮರ್ಡರ್ ಕ್ಲಬ್’ ಓದಿದೆ. ರಿಚರ್ಡ್ ಆಸ್ಮನ್ ಬರೆದದ್ದು, 2020ರಲ್ಲಿ ಬಂತು. ನಿವೃತ್ತರ ವಸತಿಯಲ್ಲಿರುವ ನಾಲ್ಕು ಜನ ಹಿರಿಯರು ಸೇರಿ ಕೊಲೆಯ ತನಿಖೆಗೆ ಇಳಿಯುತ್ತಾರೆ. ಯಾರು ಯಾರನ್ನು ಯಾಕೆ ಕೊಂದರು ಎಂದು ಈಗ ಕೇಳಿದರೆ ತಡವರಿಸುತ್ತೇನೆ. ಆದರೆ ಎಲಿಜಬೆತ್ ಎನ್ನುವಾಕೆ ತನ್ನ ಗೆಳತಿ ಪೆನ್ನಿಯ ಹಾಸಿಗೆಯ ಪಕ್ಕ ಕೂತು ಕೇಸಿನ ಸುದ್ದಿಯೆಲ್ಲ ಹೇಳುವುದು ಕಣ್ಣಿಗೆ ಕಟ್ಟಿದ ಹಾಗಿದೆ. ಪೆನ್ನಿ ಒಂದು ಕಾಲದಲ್ಲಿ ಪೊಲೀಸ್ ಅಧಿಕಾರಿ, ಈಗ ಪ್ರಜ್ಞೆಯಿಲ್ಲದೆ ಮಲಗಿದ್ದಾಳೆ. ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲ, ಎಲಿಜಬೆತ್ ಮಾತು ನಿಲ್ಲಿಸುವುದಿಲ್ಲ. ಅದನ್ನು ಓದಿ ಪುಸ್ತಕ ಪಕ್ಕಕ್ಕಿಟ್ಟೆ. ಅಪ್ಪ ಮಂಪರಿನಲ್ಲಿದ್ದರು. ಅವತ್ತು ಯಾರು ಯಾರು ಫೋನ್ ಮಾಡಿದ್ದರು, ಏನೇನು ವಿಚಾರಿಸಿದರು ಎಂದು ಅವರಿಗೆ ಒಂದೊಂದಾಗಿ ಹೇಳತೊಡಗಿದೆ. ಅದಕ್ಕೂ ಮುಂಚೆ ಹಾಗೆ ಮಾತಾಡಲು ನನಗೆ ಧೈರ್ಯವೇ ಬಂದಿರಲಿಲ್ಲ.

ಆ ಪುಸ್ತಕ ನನಗೆ ಕೊಟ್ಟದ್ದು ಅದು. ಉಳಿದದ್ದೆಲ್ಲ ಮರೆತುಹೋಗಲಿ.

———

ಪುಟ ಹಾರಿಸುವುದಕ್ಕೂ ಅರ್ಥ ಇದೆ ಅಂತ ಮೊದಲ ಉತ್ತರಕ್ಕೆ ಒಂದು ಸೇರ್ಪಡೆ. ಆಂಡಿ ವಿಯರ್ ಅವರ ‘ಪ್ರಾಜೆಕ್ಟ್ ಹೇಲ್ ಮೇರಿ’ (2021) ಓದುವಾಗ ಲೆಕ್ಕಾಚಾರ ಬಂದ ಕಡೆಯೆಲ್ಲ ಕಣ್ಣಾಡಿಸಿ ಮುಂದೆ ಹೋದೆ. ನಿಂತು ಓದಿದ್ದು ಗ್ರೇಸ್ ಮತ್ತು ರಾಕಿ ಒಟ್ಟಿಗಿರುವ ಪುಟಗಳನ್ನು. ಒಬ್ಬ ಮನುಷ್ಯ, ಇನ್ನೊಂದು ಬೇರೆ ಲೋಕದ ಜೀವಿ. ಇವನು ಉಸಿರಾಡುವ ಗಾಳಿ ಅದಕ್ಕೆ ಆಗದು, ಅದರ ಗಾಳಿ ಇವನಿಗೆ ಆಗದು, ನಡುವೆ ಗೋಡೆ ಬೇಕೇ ಬೇಕು. ರಾಕಿ ಮಾತಾಡೋದು ಸಂಗೀತದ ಸ್ವರಗಳಂಥ ದನಿಯಲ್ಲಿ, ಗ್ರೇಸ್ ಒಂದೊಂದೇ ಸ್ವರಗುಚ್ಛಕ್ಕೆ ಅರ್ಥ ಗುರುತು ಮಾಡಿಕೊಳ್ಳುತ್ತಾ ಆ ಭಾಷೆ ಕಲಿಯುತ್ತಾನೆ. ರಾಕಿಯ ಜನರಲ್ಲಿ ಒಬ್ಬರು ನಿದ್ದೆ ಮಾಡುವಾಗ ಇನ್ನೊಬ್ಬರು ಕಾಯುತ್ತಾ ಕೂರುವ ಪದ್ಧತಿ. ಹಾಗಾಗಿ ಅದು ಗ್ರೇಸ್ ಮಲಗಿದಾಗಲೂ ಕಾಯುತ್ತೆ. ನಾನು ವಿಜ್ಞಾನದ ಕತೆ ಓದುತ್ತಿದ್ದೇನೆ ಅಂದುಕೊಂಡಿದ್ದೆ, ನಿಜವಾಗಿ ಓದಿದ್ದು ಸ್ನೇಹದ ಕತೆ. ನಿಮ್ಮ ಗೆಳತಿಗೆ ವಿಜ್ಞಾನ ಇಷ್ಟ ಅಂದರೆ ನಾನು ಹಾರಿಸಿದ ಪುಟಗಳನ್ನೇ ಅವರು ಇಷ್ಟಪಟ್ಟು ಓದಿಯಾರು. ಯಾರು ಎಲ್ಲಿ ಹಾರಿಸಿದರು, ಎಲ್ಲಿ ನಿಂತರು ಅಂತ ಹೋಲಿಸಿ ನೋಡಿ, ಒಂದು ಸಂಜೆಗಾಗುವಷ್ಟು ಮಾತು ಸಿಗುತ್ತೆ.

———

ಓದುವ ವೇಗದ ಬಗ್ಗೆ ಯಾರೂ ಹೇಳಲಿಲ್ಲ. ‘ಕೆಳಗಿಡೋಕೆ ಮನಸ್ಸಾಗಲ್ಲ’ ಎಂದಿದ್ದೀರಿ. ಕೆಳಗಿಡಬಾರದೆಂದೇ ಅವನ್ನು ಹಾಗೆ ಹೆಣೆದಿರುತ್ತಾರೆ. ಅಧ್ಯಾಯ ಚಿಕ್ಕದು, ಪ್ರತಿ ಅಧ್ಯಾಯದ ತುದಿಯಲ್ಲಿ ಒಂದು ಕೊಕ್ಕೆ. ಹಿಂದೆ ಡಿಕನ್ಸ್ ಕಾಲದಲ್ಲಿ ಕಾದಂಬರಿ ತಿಂಗಳಿಗೊಂದು ಕಂತಾಗಿ ಬರುತ್ತಿತ್ತು, ‘ಪಿಕ್‌ವಿಕ್ ಪೇಪರ್ಸ್’ 1836ರಲ್ಲಿ ಶುರುವಾದದ್ದು ಹಾಗೆಯೇ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳಲ್ಲೂ ಕೊಕ್ಕೆ ಇರುತ್ತಿತ್ತು, ಜೊತೆಗೆ ಮುಂದಿನ ಸಂಚಿಕೆಯವರೆಗೆ ಬಿಡುವೂ ಇರುತ್ತಿತ್ತು. ಮುಂದೇನಾಗಬಹುದು ಎಂದು ಮನೆಮಂದಿಯೆಲ್ಲ ವಾದ ಮಾಡುವಷ್ಟು ಬಿಡುವು. ಆ ವಾದದಲ್ಲೇ ಪಾತ್ರಗಳು ನಮ್ಮವರಾಗುತ್ತಿದ್ದರು. ಈಗ ಇಡೀ ಪುಸ್ತಕ ಒಟ್ಟಿಗೆ ಕೈಗೆ ಬರುತ್ತದೆ, ಕೊಕ್ಕೆ ಉಳಿದಿದೆ, ಬಿಡುವು ಹೋಗಿದೆ.

ಹಾಗಾಗಿ ನಾನು ಬೇಕೆಂದೇ ಅಧ್ಯಾಯದ ನಡುವೆ ನಿಲ್ಲಿಸುತ್ತೇನೆ, ತುದಿಯಲ್ಲಿ ನಿಲ್ಲಿಸುವುದಿಲ್ಲ. ತುದಿಯಲ್ಲಿ ನಿಂತರೆ ಕೊಕ್ಕೆಯದ್ದೇ ಯೋಚನೆ. ನಡುವೆ ನಿಂತರೆ ಪಾತ್ರದ ಯೋಚನೆ ಬರುತ್ತದೆ. ಅಡುಗೆ ಮಾಡುವಾಗ, ನಡೆಯುವಾಗ ಅವರ ಜೊತೆ ಇರುತ್ತೇನೆ. ಇದೊಂದು ಅಭ್ಯಾಸದಿಂದ ಹೆಸರು ಮರೆಯುವುದು ಬಹಳ ಕಮ್ಮಿಯಾಯಿತು.

———

ಒಂದೇ ಮಾತು. ಬೇರೆಯವರ ವಿಮರ್ಶೆ, ನಕ್ಷತ್ರ, ಅಂಕ ನೋಡುವ ಮುಂಚೆ ನಿಮ್ಮ ಮೂರು ಸಾಲು ಬರೆದಿಡಿ. ಆಮೇಲೆ ಏನು ಬೇಕಾದರೂ ಓದಿ. ಮೊದಲೇ ಓದಿಬಿಟ್ಟರೆ ಅವರ ಮಾತೇ ನಮ್ಮ ಬಾಯಲ್ಲಿ ಬರುತ್ತೆ. ನಮಗೆ ಏನನಿಸಿತ್ತು ಅನ್ನೋದು ಮತ್ತೆ ಸಿಗಲ್ಲ.

———

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಆ ಥ್ರಿಲ್ಲರ್ ಮತ್ತೆ ತೆಗೆದೆ. ನನಗೆ ಒಪ್ಪುವ ಕೊನೆ ಬರೆಯೋಕೆ ಕೂತಾಗ ಗೊತ್ತಾಯ್ತು, ನನಗೆ ಸಿಟ್ಟು ಬಂದಿದ್ದು ಕೊಲೆಗಾರ ಯಾರು ಅನ್ನೋದಕ್ಕಲ್ಲ. ಮೊದಲರ್ಧದಲ್ಲಿ ನಾಯಕಿಯ ತಂಗಿ ದಿನಾ ರಾತ್ರಿ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳ್ತಿರುತ್ತಾಳೆ. ಕತೆ ತಿರುವು ತಗೊಂಡ ಮೇಲೆ ಅವಳು ಪುಸ್ತಕದಿಂದಲೇ ಮಾಯ. ಅಕ್ಕನಿಗೆ ಏನಾಯ್ತು ಅಂತ ಅವಳಿಗೆ ಯಾರೂ ತಿಳಿಸೋದೇ ಇಲ್ಲ! ನಾನು ಬರೆದ ನಾಲ್ಕು ಸಾಲೂ ಯಾರೋ ಅವಳಿಗೆ ಫೋನ್ ಮಾಡೋದರ ಬಗ್ಗೆಯೇ ಇತ್ತು. ಗೆಳತಿಗೆ ಹೇಳಿದೆ. ಅವಳಿಗೆ ತಂಗಿಯ ನೆನಪೇ ಇರಲಿಲ್ಲ, ಈಗ ಅವಳೂ ಮತ್ತೆ ಓದ್ತೀನಿ ಅಂತಿದ್ದಾಳೆ.

ಇನ್ನೊಂದು ಕೇಳಬೇಕು. ಅರ್ಧಕ್ಕೆ ಬಿಟ್ಟ ಪುಸ್ತಕಗಳ ಬಗ್ಗೆಯೂ ಬರೆದಿಡ್ತೀರಾ?

———

ಖಂಡಿತ ಬರೆದಿಡುತ್ತೇನೆ. ಬಿಟ್ಟ ಪುಟದ ಸಂಖ್ಯೆ, ಅದರ ಹಿಂದಿನ ಪುಟದಲ್ಲಿ ಏನು ನಡೆಯಿತು, ಆ ಹೊತ್ತಿಗೆ ನನ್ನ ಮನಸ್ಥಿತಿ ಹೇಗಿತ್ತು, ಇಷ್ಟು ಸಾಕು. ಕೆಲವು ಪುಸ್ತಕಗಳನ್ನು ವರ್ಷಗಳ ಮೇಲೆ ಮತ್ತೆ ಎತ್ತಿಕೊಂಡಾಗ ಅದೇ ಪುಟವನ್ನು ಸಲೀಸಾಗಿ ದಾಟಿದ್ದೇನೆ. ಕೆಲವಂತೂ ಮತ್ತೆ ಅದೇ ಜಾಗದಲ್ಲಿ ನಿಂತವು, ಅವನ್ನು ಬೇರೆಯವರಿಗೆ ಕೊಟ್ಟುಬಿಟ್ಟೆ.