ಇಳಿದ ವಾರವೇ ನಯಾಗರಾ ಬೇಡ

ಗುಂಪು: ಕಟಪಾಡಿ ಮನೆಯವರು

ದೊಡ್ಡಪ್ಪ ಕಟಪಾಡಿ: (ಫಾರ್ವರ್ಡ್) ಅಮೆರಿಕಕ್ಕೆ ಹೊರಟ ಹಿರಿಯರೇ, ಗಮನಿಸಿ! ವಿಮಾನ ಹತ್ತಿದ ಕೂಡಲೇ ನಿದ್ರೆ ಮಾತ್ರೆ ನುಂಗಿ ಮಲಗಿ. ತಿಂಡಿ ತಂದಿದ್ದೀರಾ ಎಂದು ಕೇಳಿದರೆ ಇಲ್ಲ ಎನ್ನಿ. ವೀಸಾ 10 ವರ್ಷಕ್ಕಿದೆ, ಬೇಕಾದಷ್ಟು ದಿನ ಇರಬಹುದು. ಇಳಿದ ಮರುದಿನವೇ ಊರು ಸುತ್ತಲು ಹೊರಡಿ, ಜೆಟ್ ಲ್ಯಾಗ್ (ಹೊತ್ತು ಬದಲಾಗಿ ನಿದ್ರೆ ಕೆಡುವುದು) ಹತ್ತಿರವೂ ಸುಳಿಯುವುದಿಲ್ಲ. ಎಲ್ಲರಿಗೂ ಕಳಿಸಿ.

ಅಪ್ಪ: ಒಳ್ಳೇದಾಯ್ತು ಅಣ್ಣ. ಪ್ರಿಂಟ್ ತೆಗೆಸಿ ಪಾಸ್‌ಪೋರ್ಟ್ ಜೊತೆ ಇಡುತ್ತೇನೆ.

ಅಕ್ಕ ಎಡಿಸನ್: ಕೊನೆಯದ್ದು ಸರಿ ಇದೆ. ಅದಕ್ಕೇ ನಾನು ಜುಲೈ 3ಕ್ಕೆ ನಯಾಗರಾ ಜಲಪಾತಕ್ಕೆ ಬುಕ್ ಮಾಡಿದ್ದು. ಅಪ್ಪ ಅಮ್ಮ ಇಳಿಯುವುದು ಜೂನ್ 30ಕ್ಕೆ. ನಡುವೆ ಎರಡು ದಿನ ರೆಸ್ಟ್ ಸಾಕಲ್ವಾ?

ನಾನು: ದೊಡ್ಡಪ್ಪ, ಬೇಜಾರು ಮಾಡಬೇಡಿ. ಅಪ್ಪ ಇದನ್ನು ಓದಿ ಹಾಗೇ ಮಾಡಿಬಿಡುತ್ತಾರೆ, ಅದೇ ನನಗೆ ಹೆದರಿಕೆ. ಅಪ್ಪನಿಗೆ ಶುಗರ್ ಉಂಟು. ನೀವು ವಿಮಾನ ಬದಲಿಸುವ ಅಬುಧಾಬಿಯಿಂದ ನ್ಯೂಯಾರ್ಕಿಗೆ ಸುಮಾರು 14 ಗಂಟೆ. ಮಾತ್ರೆ ನುಂಗಿ ಅಲುಗಾಡದೆ ಮಲಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ನಡುನಡುವೆ ಎದ್ದು ನಡೆಯಬೇಕು. ಇನ್ಸುಲಿನ್ ಹೊತ್ತು ಹೇಗೆ ಬದಲಿಸುವುದು ಎಂದು ಹೊರಡುವ ಮೊದಲೇ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಇನ್ಸುಲಿನ್, ಚೀಟಿ ಎರಡೂ ಕೈಚೀಲದಲ್ಲೇ ಇರಲಿ.

ಇನ್ನು ತಿಂಡಿ. ಇಲ್ಲ ಎಂದು ಹೇಳಿ ಸಿಕ್ಕಿಬಿದ್ದರೆ ದಂಡ. ಇದೆ ಎಂದು ಹೇಳಿದರೆ, ಆಗದ ವಸ್ತುವನ್ನು ತೆಗೆದಿಡುತ್ತಾರೆ ಅಷ್ಟೇ. ಅಮೆರಿಕದ ಇಮಿಗ್ರೇಶನ್, ಕಸ್ಟಮ್ಸ್ ಎಲ್ಲ ನಿಮಗೆ ಅಬುಧಾಬಿಯಲ್ಲೇ ಮುಗಿಯುತ್ತದೆ. ಪ್ರಶ್ನೆ ಅಲ್ಲೇ ಬರುತ್ತದೆ.

ಅಮ್ಮ: ಹಾಗಾದರೆ ಏನೆಲ್ಲ ತೆಗೆಯಬೇಕು? ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಸಾಂಬಾರು ಪುಡಿ, ಸ್ವಲ್ಪ ಕುಚ್ಚಲಕ್ಕಿ, ಕರಿಬೇವಿನ ಸೊಪ್ಪು. ಪಾಯಸಕ್ಕೆ ಗಸಗಸೆ. ನಿನ್ನ ಅಪ್ಪ ಕಾಟು ಮಾವಿನ ಹಣ್ಣು ಬೇರೆ ತಂದಿಟ್ಟಿದ್ದಾರೆ.

ನಾನು: ಗಸಗಸೆ ಈಗಲೇ ಹೊರಗೆ ತೆಗೆ ಅಮ್ಮ. ಅಬುಧಾಬಿ ಇರುವ ಯುಎಇಯಲ್ಲಿ ಅದಕ್ಕೆ ನಿಷೇಧ ಉಂಟು. ಬರೀ ವಿಮಾನ ಬದಲಿಸುವವರಿಗೂ ಬಿಡುವುದಿಲ್ಲ, ಜೈಲಿಗೆ ಹೋಗುವ ವಿಷಯ. ಕರಿಬೇವಿನ ಸೊಪ್ಪೂ ಬೇಡ. ಅದು ನಿಂಬೆಯ ಜಾತಿಯ ಗಿಡ. ಕಿತ್ತಳೆ ತೋಟಗಳನ್ನು ಕೊಲ್ಲುವ ರೋಗ ಹರಡುವ ಸಣ್ಣ ಕೀಟ ಅದರ ಚಿಗುರಿನಲ್ಲಿ ಮೊಟ್ಟೆ ಇಡುತ್ತದೆ. ಅಕ್ಕಿಗೆ ಧಾನ್ಯ ತಿನ್ನುವ ಖಾಪ್ರಾ ಹುಳದ ಭಯ, ಭಾರತದ ಅಕ್ಕಿ ಬ್ಯಾಗಿನಲ್ಲಿ ಬಿಡುವುದಿಲ್ಲ. ಮಾವಿನ ಹಣ್ಣಂತೂ ಇಲ್ಲವೇ ಇಲ್ಲ. ಹಪ್ಪಳ, ಉಪ್ಪಿನಕಾಯಿ, ಪುಡಿ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಇದೆ ಎಂದು ಹೇಳಲೇಬೇಕು.

ಅಕ್ಕ ಎಡಿಸನ್: ಕುಚ್ಚಲಕ್ಕಿ, ಕರಿಬೇವು ಎಲ್ಲ ಇಲ್ಲಿ ಓಕ್ ಟ್ರೀ ರೋಡಿನ ಅಂಗಡಿಗಳಲ್ಲಿ ಸಿಗುತ್ತದೆ ಅಮ್ಮ. ಹಪ್ಪಳ ಮಾತ್ರ ಜಾಸ್ತಿ ತಾ.

ದೊಡ್ಡಪ್ಪ ಕಟಪಾಡಿ: ಇದನ್ನು ಕಳಿಸಿದವರು ಮಗನ ಮನೆಗೆ ಹೋಗಿ ಬಂದವರೇ. ಎಲ್ಲವೂ ಸುಳ್ಳು ಎಂದರೆ ಹೇಗೆ? ವೀಸಾದಲ್ಲಿ 10 ವರ್ಷ ಎಂದು ಅಚ್ಚಾಗಿಯೇ ಉಂಟಲ್ಲ.

ನಾನು: ವೀಸಾ ಬಾಗಿಲ ತನಕ ಹೋಗುವುದಕ್ಕೆ ದೊಡ್ಡಪ್ಪ. ಒಳಗೆ ಎಷ್ಟು ದಿನ ಎಂಬುದು ಐ-94 ಎಂಬ ಪ್ರವೇಶ ದಾಖಲೆಯಲ್ಲಿ ಇರುವ ತಾರೀಖು. ಸಾಮಾನ್ಯವಾಗಿ 6 ತಿಂಗಳು ಕೊಡುತ್ತಾರೆ. ಅದನ್ನು ದಾಟಿದರೆ ಮುಂದಿನ ಸಲ ಹೋಗುವುದೇ ಕಷ್ಟ. ಅಕ್ಕ, ಅವರು ಬಂದ ಮರುದಿನ ಆನ್‌ಲೈನಿನಲ್ಲಿ ನೋಡಿ ಇಬ್ಬರದ್ದೂ ಇಳಿಸಿಟ್ಟುಕೋ.

ಅತ್ತೆ ಕುಂಜಿಬೆಟ್ಟು: ನಾನು ಈಗ ನೋಡಿದ್ದು. ನಯಾಗರಾ ವಿಷಯ ಹೇಳಲೇಬೇಕು. ನ್ಯೂಜೆರ್ಸಿಯ ಎಡಿಸನ್ನಿಂದ ಅಲ್ಲಿಗೆ ಕಾರಿನಲ್ಲಿ ಆರೇಳು ಗಂಟೆ. ಅಣ್ಣನಿಗೆ ಅತ್ತಿಗೆಗೆ ಮೂರನೇ ದಿನ ಆಗುವ ಕೆಲಸವಲ್ಲ.

ಅಕ್ಕ ಎಡಿಸನ್: ಅತ್ತೆ, ನನಗೆ ರಜೆ ಎಲ್ಲಿದೆ? ಜುಲೈ 4ರ ಸ್ವಾತಂತ್ರ್ಯ ದಿನದ ರಜೆ ಬಿಟ್ಟರೆ ಬರೀ ಶನಿವಾರ, ಭಾನುವಾರ. ಅವರು ಇಷ್ಟು ದೂರ ಬಂದು ಮನೆಯೊಳಗೆ ಕೂರುವುದಾ? ನನಗೇ ಹೊಟ್ಟೆ ಉರಿಯುತ್ತದೆ.

ಅತ್ತೆ ಕುಂಜಿಬೆಟ್ಟು: ನಿನ್ನ ಆಸೆ ಗೊತ್ತಾಗುತ್ತದೆ ಮಗಾ. ಆದರೆ ಆ ವಾರ ಹೇಗಿರುತ್ತದೆ ಎಂದು ಕೇಳು. ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ, ಊರಲ್ಲಿ ಆಗ ಬೆಳಗಿನ ಜಾವ ನಾಲ್ಕೂವರೆ. ರಾತ್ರಿ ಮೂರಕ್ಕೆ ಎಚ್ಚರ. ಇಲ್ಲಿ ಮಧ್ಯಾಹ್ನ ಹನ್ನೆರಡೂವರೆ ನೋಡು, ಗಂಜಿ ಊಟದ ಹಸಿವು. ಅಡುಗೆಮನೆಗೆ ಹೋದರೆ ಲೈಟಿನ ಸ್ವಿಚ್ ಸಿಗುವುದಿಲ್ಲ. ಪಾತ್ರೆ ಸದ್ದಾದರೆ ಮಗು ಏಳುತ್ತದೆ. ಒಲೆ ಹೇಗೆ ಹಚ್ಚುವುದು ಗೊತ್ತಿಲ್ಲ, ಹಚ್ಚಿ ಸಾಸಿವೆ ಸಿಡಿಸಿದರೆ ಹೊಗೆಗೆ ಅಲಾರಾಂ ಕೂಗುತ್ತದೆ. ಆಮೇಲೆ ಕತ್ತಲಲ್ಲೇ ಸೋಫಾದಲ್ಲಿ ಕೂತು ಬೆಳಗಾಗುವುದನ್ನು ಕಾಯುವುದು. ಮಕ್ಕಳಿಗೆ ತೊಂದರೆ ಯಾಕೆ ಎಂದು ನಾವು ಯಾರೂ ಬಾಯಿ ಬಿಡುವುದಿಲ್ಲ.

ಅದಕ್ಕೇ ಹೇಳುವುದು, ಮೊದಲ ವಾರ ಆ ಮನೆ ಅವರ ಮನೆ ಆಗಲಿ. ಒಲೆ, ನಲ್ಲಿ, ಬಾಗಿಲಿನ ಬೀಗ ತೋರಿಸಿಕೊಡು. ವಿಳಾಸ, ನಿನ್ನ ನಂಬರು, ತುರ್ತು ನಂಬರು 911 ಕನ್ನಡದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ಜಿಗೆ ಅಂಟಿಸು. ರಾತ್ರಿ ಮಲಗುವಾಗ ಅನ್ನ, ಮಜ್ಜಿಗೆ ಎದುರಿಗೇ ಇಡು. ಆಗ ನಿಮ್ಮಲ್ಲಿ ರಾತ್ರಿ ಎಂಟೂವರೆ ತನಕ ಬೆಳಕು ಇರುತ್ತದೆ, ಅಲ್ವಾ? ಊಟ ಆದ ಮೇಲೆ ಅವರನ್ನು ಕರೆದುಕೊಂಡು ನಿನ್ನ ಬೀದಿಯಲ್ಲೇ ನಡೆ. ಬೆಳಕಿನಲ್ಲಿ ಓಡಾಡಿದರೆ ನಿದ್ರೆ ಸ್ವಲ್ಪ ಮುಂದೆ ಹೋಗುತ್ತದೆ. ಮೈ ಹೊಂದುವುದು ದಿನಕ್ಕೆ ಒಂದು ಗಂಟೆಯ ಲೆಕ್ಕದಲ್ಲಿ. ಒಂಬತ್ತೂವರೆ ಗಂಟೆ ವ್ಯತ್ಯಾಸಕ್ಕೆ ಎಷ್ಟು ದಿನ ಬೇಕು, ನೀನೇ ಲೆಕ್ಕ ಹಾಕು.

ಅಮ್ಮ: ನನಗೆ ಮೊದಲು ಮೊಮ್ಮಗುವಿನ ಜೊತೆ ಇರಬೇಕು. ಜಲಪಾತ ಎಲ್ಲಿಗೂ ಓಡುವುದಿಲ್ಲ.

ಅಪ್ಪ: ಮಗಳು ದುಡ್ಡು ಕೊಟ್ಟು ಬುಕ್ ಮಾಡಿದ್ದಾಳೆ. ನನಗೆ ಏನೂ ತೊಂದರೆ ಇಲ್ಲ, ಹೋಗೋಣ.

ನಾನು: ನೋಡಿದೆಯಾ ಅಕ್ಕ? ಅಪ್ಪ ಯಾವತ್ತೂ ಹೀಗೇ ಹೇಳುವುದು. ಮೈ ಕೈ ನೋವಿದ್ದರೂ ಹೂಂ ಎನ್ನುತ್ತಾರೆ. ಹೋಟೆಲಿನಲ್ಲಿ ರಾತ್ರಿ ಶುಗರ್ ಏರುಪೇರಾದರೆ? ನೀನು ತೆಗೆದ ಇನ್ಶೂರೆನ್ಸಿನಲ್ಲಿ ಮೊದಲಿನಿಂದ ಇದ್ದ ಕಾಯಿಲೆಗೆ ಎಷ್ಟು ಕೊಡುತ್ತಾರೆ ಎಂದು ಓದಿದ್ದೀಯಾ? ಹೆಚ್ಚಿನವುಗಳಲ್ಲಿ ಪೂರ್ತಿ ಕೊಡುವುದಿಲ್ಲ.

ಅಕ್ಕ ಎಡಿಸನ್: ಇವತ್ತು ರಾತ್ರಿ ಓದುತ್ತೇನೆ. ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ, ಅದಕ್ಕೂ ಮೂರು ದಿನ ರಜೆ ಸಿಗುತ್ತದೆ. ನಯಾಗರಾ ಅದಕ್ಕೆ ಹಾಕುತ್ತೇನೆ. ಆದರೆ ಜುಲೈ 4ರ ಪಟಾಕಿ ಇಲ್ಲೇ ಹತ್ತಿರ, ಒಂಬತ್ತರ ಮೇಲೆ ಶುರು. ಅವರು ಎಚ್ಚರ ಇದ್ದರೆ ಕರೆದುಕೊಂಡು ಹೋಗುತ್ತೇನೆ. ಅದಕ್ಕೆ ಯಾರೂ ಅಡ್ಡ ಬರಬೇಡಿ.

ಅತ್ತೆ ಕುಂಜಿಬೆಟ್ಟು: ಎಚ್ಚರ ಇದ್ದರೆ ಖಂಡಿತ ಹೋಗಲಿ. ಎಬ್ಬಿಸಬೇಡ ಅಷ್ಟೇ.

ದೊಡ್ಡಪ್ಪ ಕಟಪಾಡಿ: ಆಯ್ತು. ಇದನ್ನು ನಾನು ಇನ್ನೂ ಎರಡು ಗುಂಪಿಗೆ ಕಳಿಸಿದ್ದೆ. ಗಸಗಸೆ ಮತ್ತು ಐ-94 ವಿಷಯ ಬಿಡಿಸಿ ಬರೆದು ಕೊಡು, ಅಲ್ಲಿಗೂ ಹಾಕುತ್ತೇನೆ.

ನಾನು: ಈಗಲೇ ಬರೆಯುತ್ತೇನೆ ದೊಡ್ಡಪ್ಪ.