ಕಣ್ಣಿಗೆ ಕಾಣುವ ಸಾಲು ಹುಡುಕಿದರೆ ಸಿಗುತ್ತಿಲ್ಲ: ಬಲ್ಲವರು ಅನುಭವ ಹೇಳಿ

ಪ್ರಶ್ನೆ, ಧಾರವಾಡದಿಂದ

ನಮಸ್ಕಾರ. ನಾನು ಒಂದು ಸಣ್ಣ ಪ್ರಕಾಶನದಲ್ಲಿ ಕರಡು ತಿದ್ದುವವಳು, ಕಂಪ್ಯೂಟರ್ ಓದಿದವಳಲ್ಲ. ನಿಂತುಹೋದ ಒಂದು ಮಾಸಪತ್ರಿಕೆಯ ಲೇಖನಗಳು ಸುಮಾರು 3,200 ಟೆಕ್ಸ್ಟ್ ಫೈಲುಗಳಾಗಿ ನಮ್ಮ ಬಳಿ ಇವೆ. ಲೇಖಕರ ಹೆಸರು ಹಿಡಿದು, ಕೆಲವೊಮ್ಮೆ ವಿಷಯ ಹಿಡಿದು, ಬೇಕಾದ ಸಾಲುಗಳನ್ನು ಹೆಕ್ಕಿ ಸಂಕಲನ ಮಾಡಬೇಕು. ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ, ಅಣ್ಣನ ಮಗ ಹೇಳಿಕೊಟ್ಟಂತೆ, ಒಂದು ಶೆಲ್ ಸ್ಕ್ರಿಪ್ಟ್ (ಒಂದರ ಹಿಂದೊಂದು ಓಡುವ ಕಮಾಂಡುಗಳ ಪಟ್ಟಿ) ಬರೆದೆ. ಅದು ಫೈಲುಗಳ ಪಟ್ಟಿ ತೆಗೆದುಕೊಂಡು, ಪ್ರತಿಯೊಂದನ್ನೂ ಸಾಲು ಸಾಲಾಗಿ ಓದಿ, ಆ ಸಾಲನ್ನು ಪಠ್ಯದಲ್ಲಿ ಪದ ಹುಡುಕುವ ಗ್ರೆಪ್ ಎಂಬ ಕಮಾಂಡಿಗೆ ಕೊಟ್ಟು, ಹೊಂದಿದರೆ ತೋರಿಸುತ್ತದೆ.

ತೊಂದರೆ ಮೂರು. ಒಂದು ಹುಡುಕಾಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಲೇಖಕರ ಹೆಸರು ಫೈಲಿನ ಕೊನೆಯ ಸಾಲಿನಲ್ಲಿ ಕಣ್ಣೆದುರಿಗೇ ಇದ್ದರೂ ಎಷ್ಟೋ ಕಡೆ ಸಿಗುವುದಿಲ್ಲ. ಮೂರನೆಯದು ನನ್ನ ನಿದ್ದೆ ಕೆಡಿಸಿದೆ: ‘ಕೋಲಾಟ’ ಎಂದು ಒತ್ತಿ ಹುಡುಕಿದರೆ ಕೆಲವು ಫೈಲುಗಳಲ್ಲಷ್ಟೇ ಸಿಗುತ್ತದೆ. ಸಿಗದ ಫೈಲನ್ನು ತೆರೆದು, ಅದೇ ಪದವನ್ನು ಅಲ್ಲಿಂದಲೇ ನಕಲು ಮಾಡಿ ಹುಡುಕಿದರೆ ಅಲ್ಲಿ ಸಿಗುತ್ತದೆ, ಮೊದಲು ಸಿಕ್ಕಿದ್ದಲ್ಲಿ ಸಿಗುವುದಿಲ್ಲ! ಏನು ಮಾಯೆ ಇದು?

ಸರ್ವರ್ ಕಾಯುವ ಕೆಲಸದವರು, ಬೆಂಗಳೂರು

ಮೇಡಂ, ಮೊದಲ ಎರಡು ತೊಂದರೆಗೂ ಸಾಲು ಸಾಲಿಗೂ ಮರಳಿ ಓಡುವ ಆ ಲೂಪ್ ಒಂದೇ ಕಾರಣ. ಅದನ್ನು ಬಿಸಾಡಿ. ಒಂದು ಫೈಲಿಗೆ ನೂರು ಸಾಲು ಎಂದರೂ ಮೂರು ಲಕ್ಷಕ್ಕೂ ಹೆಚ್ಚು ಸಲ ಗ್ರೆಪ್ಪನ್ನು ಎಬ್ಬಿಸಿ, ಒಂದು ಸಾಲು ತೋರಿಸಿ, ಮತ್ತೆ ಮಲಗಿಸುತ್ತಿದ್ದೀರಿ. ಸಮಯ ಹೋಗುತ್ತಿರುವುದು ಹುಡುಕುವುದರಲ್ಲಿ ಅಲ್ಲ, ಎಬ್ಬಿಸುವುದರಲ್ಲಿ. ಗ್ರೆಪ್‌ಗೆ ಸಾಲು ಬಿಡಿಸುವುದು ಗೊತ್ತು, ಫೋಲ್ಡರಿನೊಳಗೆ ಇಳಿಯುವುದೂ ಗೊತ್ತು. ಇಷ್ಟು ಸಾಕು (ಕೋಲಾಟ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಎಫ್ ಮಾತ್ರ ದೊಡ್ಡಕ್ಷರ):

ಗ್ರೆಪ್ -ಆರ್ -ಎನ್ -ಎಫ್ 'ಕೋಲಾಟ' ಲೇಖನ/

ಲೇಖನ ಎಂದಿರುವಲ್ಲಿ ನಿಮ್ಮ ಫೋಲ್ಡರಿನ ಹೆಸರು. ಆರ್ ಎಂದರೆ ಒಳಗಿನ ಫೋಲ್ಡರುಗಳನ್ನೂ ನೋಡು, ಎನ್ ಎಂದರೆ ಸಾಲಿನ ಸಂಖ್ಯೆ ಕೊಡು. ಎಫ್ ಎಂದರೆ ನಾನು ಕೊಟ್ಟ ಅಕ್ಷರಗಳನ್ನು ಇದ್ದ ಹಾಗೇ ಹುಡುಕು, ಅರ್ಥ ಕಟ್ಟಬೇಡ ಎಂದು. ಈ ಎಫ್ ನಿಮಗೆ ಬಹಳ ಮುಖ್ಯ. ನಮ್ಮ ಲೇಖಕರ ಹೆಸರುಗಳ ತುಂಬ ಇನಿಷಿಯಲ್ಲುಗಳ ಚುಕ್ಕಿ. ಎಫ್ ಇಲ್ಲದಿದ್ದರೆ ಗ್ರೆಪ್ ಪಾಲಿಗೆ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ.

ಕೊನೆಯ ಸಾಲು ಏಕೆ ತಪ್ಪಿತು ಎಂದರೆ, ಶೆಲ್‌ನ ರೀಡ್ ಕಮಾಂಡ್ ಸಾಲಿನ ತುದಿಯಲ್ಲಿ ಹೊಸಸಾಲಿನ ಗುರುತು ಕಂಡರೆ ಮಾತ್ರ ಯಶಸ್ಸು ಎನ್ನುತ್ತದೆ. ಲೇಖಕರ ಹೆಸರು ಒತ್ತಿ, ಎಂಟರ್ ಒತ್ತದೆ ಸೇವ್ ಮಾಡಿದ ಫೈಲಿನಲ್ಲಿ ಆ ಗುರುತೇ ಇರುವುದಿಲ್ಲ. ರೀಡ್ ಸಾಲನ್ನು ಓದಿಯೂ ಸೋತೆ ಎನ್ನುತ್ತದೆ, ಲೂಪ್ ಅಲ್ಲೇ ನಿಲ್ಲುತ್ತದೆ. ನಿಮ್ಮಲ್ಲಿ ಪೆಟ್ಟು ಬಿದ್ದದ್ದು ಬೇಕಾದ ಸಾಲಿಗೇ. ಲೂಪ್ ಬೇಕೇ ಬೇಕು ಎನ್ನುವ ಸಂದರ್ಭ ಬಂದರೆ ‘ರೀಡ್ ಸೋತಿದ್ದರೂ ಕೈಯಲ್ಲಿರುವ ಸಾಲು ಖಾಲಿಯಲ್ಲದಿದ್ದರೆ ಮುಂದುವರಿ’ ಎಂಬ ಪರೀಕ್ಷೆ ಸೇರಿಸಬೇಕು.

ಫೈಲುಗಳ ಹೆಸರು ತೋರಿಸುವ ಎಲ್‌ಎಸ್ ಕಮಾಂಡ್ ಕೊಟ್ಟ ಪಟ್ಟಿಯನ್ನು ಫಾರ್ ಲೂಪಿಗೆ ಹಾಕಿದ್ದರೆ ಇನ್ನೊಂದು ಗುಂಡಿ ಇದೆ. ‘ದೀಪಾವಳಿ ವಿಶೇಷಾಂಕ 2004’ ಎಂದು ಜಾಗ ಬಿಟ್ಟು ಹೆಸರಿಟ್ಟ ಫೈಲು ಮೂರು ತುಂಡಾಗುತ್ತದೆ, ಮೂರೂ ಸಿಗಲಿಲ್ಲ ಎಂದು ದೂರು ಬರುತ್ತದೆ. ಮೇಲಿನ ಒಂದು ಸಾಲಿನಲ್ಲಿ ಆ ಕಾಟವೂ ಇಲ್ಲ.

ನೀವು ಲೇಖಕರನ್ನು ಹುಡುಕುತ್ತಿರುವುದರಿಂದ ಒಂದು ಕಥೆ ನೆನಪಾಯಿತು. ಬೆಲ್ ಲ್ಯಾಬ್ಸಿನಲ್ಲಿದ್ದ ಬ್ರಯಾನ್ ಕರ್ನಿಘನ್ ಹೇಳುವುದು: ಅಮೆರಿಕದ ‘ಫೆಡರಲಿಸ್ಟ್’ ಲೇಖನಗಳಲ್ಲಿ ಯಾವುದನ್ನು ಯಾರು ಬರೆದರು ಎಂದು ಪತ್ತೆ ಮಾಡಲು ಸಹೋದ್ಯೋಗಿ ಲೀ ಮೆಕ್‌ಮಹನ್ ಹೊರಟಿದ್ದರಂತೆ. ಅಷ್ಟು ದೊಡ್ಡ ಪಠ್ಯ ಎಡ್ ಎಂಬ ಎಡಿಟರಿನ ಹೊಟ್ಟೆಗೆ ಹಿಡಿಸಲಿಲ್ಲ. ಕೆನ್ ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಕಿತ್ತು ರಾತ್ರೋರಾತ್ರಿ ಬೇರೆ ಪ್ರೋಗ್ರಾಂ ಮಾಡಿಕೊಟ್ಟರು. ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನ 1973ರ ಆವೃತ್ತಿಯಲ್ಲಿ ಬಂದ ಗ್ರೆಪ್ ಅದೇ. ಅಂದರೆ ನೀವು ಗ್ರೆಪ್ಪನ್ನು ಅದು ಹುಟ್ಟಿದ ಕೆಲಸಕ್ಕೇ ಹಚ್ಚಿದ್ದೀರಿ.

ಕೋಲಾಟದ ಮಾಯೆ ನನಗೆ ಬಗೆಹರಿಯಲಿಲ್ಲ. ಕನ್ನಡ ಪಠ್ಯದ ಜೊತೆ ಏಗಿದವರು ಹೇಳಲಿ.

ಹಳೆಯ ಪಠ್ಯಗಳನ್ನು ಡಿಜಿಟಲ್ ಮಾಡುವವರು, ಮೈಸೂರು

ಏಗಿದ್ದೇನೆ, ಹದಿನಾಲ್ಕು ವರ್ಷ. ತಂಗಿ, ಪರದೆಯ ಮೇಲೆ ಕಾಣುವುದು ಫೈಲಿನೊಳಗೆ ಇರುವುದಲ್ಲ. ಗ್ರೆಪ್ ನೋಡುವುದು ಒಳಗಿರುವುದನ್ನು.

‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ (ಪ್ರತಿ ಲಿಪಿಚಿಹ್ನೆಗೂ ಒಂದು ಸಂಖ್ಯೆ ಕೊಡುವ ಪದ್ಧತಿ) ಎರಡು ರೀತಿ ಬರೆಯಲು ಸಾಧ್ಯ. ಕ ಆದ ಮೇಲೆ ಓತ್ವದ ಒಂದೇ ಚಿಹ್ನೆ ಇಡಬಹುದು. ಅಥವಾ ಕ, ಎತ್ವ, ಊಕಾರದ ಕೊಂಬು, ಕೊನೆಗೆ ದೀರ್ಘದ ಬಾಲ ಎಂದು ಬಿಡಿಬಿಡಿಯಾಗಿ ಇಡಬಹುದು, ಸ್ಲೇಟಿನ ಮೇಲೆ ಮಕ್ಕಳು ಒಂದೊಂದೇ ಗೆರೆ ಸೇರಿಸುವಂತೆ. ಪರದೆಯಲ್ಲಿ ಎರಡೂ ತದ್ರೂಪು. ಟರ್ಮಿನಲ್ಲಿನಲ್ಲಿ ‘ಕೋಲಾಟ’ವನ್ನು ಪ್ರಿಂಟ್‌ಎಫ್‌ಗೆ ಕೊಟ್ಟು ಅದನ್ನು ಚಿಹ್ನೆಗಳನ್ನು ಎಣಿಸುವ ಡಬ್ಲ್ಯುಸಿ -ಎಂ ಎಂಬುದಕ್ಕೆ ಪೈಪ್ ಮಾಡಿ (ದಾಟಿಸಿ) ನೋಡಿ. ನೀವು ಒತ್ತಿದ್ದಕ್ಕೆ 5 ಎಂದು ಬರಬೇಕು, ಆ ಹಟಮಾರಿ ಫೈಲಿನಿಂದ ನಕಲು ಮಾಡಿದ್ದಕ್ಕೆ 7. ಬರೀ ಬೈಟ್ ಎಣಿಸಿದರೆ 15 ಮತ್ತು 21, ಏಕೆಂದರೆ ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಈ, ಏ, ಐ, ಒ, ಓ ಸ್ವರಚಿಹ್ನೆ ಇರುವ ಪದಗಳಿಗೆಲ್ಲ ಈ ಕಾಯಿಲೆ ತಗಲಬಹುದು.

ಮದ್ದು ಇದೆ. ಐಸಿಯು ಎಂಬ ಯೂನಿಕೋಡ್ ಪರಿಕರಗಳ ಜೊತೆ ಯುಕಾನ್ವ್ ಎಂಬ ಕಮಾಂಡ್ ಬರುತ್ತದೆ. ಅದಕ್ಕೆ -ಎಕ್ಸ್ ಎನಿ-ಎನ್‌ಎಫ್‌ಸಿ ಎಂದು ಕೊಟ್ಟರೆ ಬಿಡಿಬಿಡಿಯಾದದ್ದನ್ನು ಕೂಡಿಸುತ್ತದೆ. ಮೂಲ ಫೈಲುಗಳನ್ನು ಮುಟ್ಟಬೇಡಿ. ಎಲ್ಲವನ್ನೂ ಒಂದು ಬೇರೆ ಫೋಲ್ಡರಿಗೆ ಹೀಗೆ ಹಾಯಿಸಿ, ಹುಡುಕುವುದನ್ನು ಅಲ್ಲಿ ಮಾಡಿ.

ಅದೇ ಹಂತದಲ್ಲಿ ಇನ್ನೆರಡು ಕಳೆ ಕೀಳಿ. ‘ರಾಜ್‌ಕುಮಾರ್’ ಎಂದು ಒತ್ತು ಮೂಡದಂತೆ ಬರೆಯಲು ಜ ಮತ್ತು ಕ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಜಾಗ ಬಿಟ್ಟಿರುತ್ತಾರೆ. ಹುಡುಕುವ ಪ್ರತಿಯಲ್ಲಿ ಅದನ್ನು ಪಠ್ಯ ಬದಲಿಸುವ ಸೆಡ್ ಕಮಾಂಡಿನಿಂದ ತೆಗೆದುಬಿಡಿ, ಹುಡುಕುವ ಪದದಲ್ಲೂ ಹಾಕಬೇಡಿ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ. ಸೊನ್ನೆ ಸೊನ್ನೆಯಂತೆಯೇ ಕಾಣುತ್ತದೆ ಎಂದು ಒತ್ತಿದವರ ತಪ್ಪೂ ಅಲ್ಲ. ನನಗೆ ಸಿಕ್ಕ ಒಂದು ಹಸ್ತಪ್ರತಿಯ ಬೆರಳಚ್ಚಿನಲ್ಲಿ ‘ಸಂಗೀತ’ ಎಂಬ ಪದ ಒಂದು ಸಲವೂ ಸಿಗಲಿಲ್ಲ, ಪುಸ್ತಕ ಪೂರ್ತಿ ಸಂಗೀತದ ಮೇಲೆಯೇ ಇತ್ತು.

ಹುಡುಕುವ ಪದ ಆರಿಸುವುದರಲ್ಲೂ ಕನ್ನಡದ್ದೇ ಜಾಣ್ಮೆ ಬೇಕು. ‘ಊರು’ ಎಂದು ಹುಡುಕಿದರೆ ‘ಊರಿನಲ್ಲಿ’ ಸಿಗುವುದಿಲ್ಲ, ಏಕೆಂದರೆ ವಿಭಕ್ತಿ ಸೇರಿದಾಗ ಕೊಂಬು ಹೋಗಿ ಗುಡಿಸು ಬಂದಿದೆ. ‘ಊರ’ ಎಂದು ಹುಡುಕಿ. ಸ್ವರಚಿಹ್ನೆ ವ್ಯಂಜನದ ನಂತರವೇ ಬರುವುದರಿಂದ ಊರು, ಊರಿಗೆ, ಊರಲ್ಲಿ ಎಲ್ಲವೂ ಬಲೆಗೆ ಬೀಳುತ್ತವೆ. ಜೊತೆಗೆ ‘ಊರ್ಧ್ವ’ವೂ ಬೀಳುತ್ತದೆ! ನಾವು ಅರ್ಕಾವತ್ತನ್ನು ಕೊನೆಗೆ ಬರೆದರೂ ಫೈಲಿನೊಳಗೆ ರಕಾರವೇ ಮೊದಲು. ಆದರೆ ‘ಮೈಸೂರು’ ಬೀಳುವುದಿಲ್ಲ. ಅಲ್ಲಿರುವುದು ಸ್ವತಂತ್ರ ಊ ಅಲ್ಲ, ಸಕಾರಕ್ಕೆ ಅಂಟಿದ ದೀರ್ಘದ ಕೊಂಬು. ಇವೆರಡಕ್ಕೂ ಸಂಕೇತ ಬೇರೆ.

ಕೊನೆಯದಾಗಿ, ನಿಮ್ಮ ಫೈಲುಗಳಲ್ಲಿ ಹಳೆಯ ನುಡಿ ತಂತ್ರಾಂಶದಲ್ಲಿ ಒತ್ತಿದವು ಇವೆಯೇ ನೋಡಿ. ಯೂನಿಕೋಡಿಗೆ ಮೊದಲಿನ ನುಡಿ ಫೈಲಿನಲ್ಲಿ ಕನ್ನಡವೇ ಇರುವುದಿಲ್ಲ. ‘ಕನ್ನಡ’ ಎಂಬ ಪದ ಅಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆ ಎಳೆದ ಎ, ಆಮೇಲೆ ಬ್ರಿಟಿಷರ ಪೌಂಡ್ ಚಿಹ್ನೆ ಎಂದು ಶುರುವಾಗುತ್ತದೆ. ನುಡಿಯ ಫಾಂಟ್ ಹೊದಿಸಿದರೆ ಮಾತ್ರ ಕನ್ನಡ. ಗ್ರೆಪ್‌ಗೆ ಎಲ್, ಎ, ಎಕ್ಸ್, ವಿ ನಾಲ್ಕೂ ಆಯ್ಕೆ (ಎಲ್ಲವೂ ಚಿಕ್ಕಕ್ಷರ) ಕೊಟ್ಟು, ಉದ್ಧರಣ ಚಿಹ್ನೆಯೊಳಗೆ ಚುಕ್ಕಿ ಮತ್ತು ನಕ್ಷತ್ರ ಬರೆದರೆ, ಯುಟಿಎಫ್-8 ಅಲ್ಲದ ಸಾಲು ಇರುವ ಫೈಲುಗಳ ಹೆಸರು ಬರುತ್ತದೆ. ಬಂದವುಗಳನ್ನು ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ಕಣ್ಣಿಟ್ಟು ಓದಿ. ನೀವು ಕರಡು ತಿದ್ದುವವರು, ಅದನ್ನು ನಾನು ಹೇಳಬೇಕಿಲ್ಲ.

ರಾತ್ರಿ ಪಾಳಿಯಲ್ಲಿ ಸ್ಕ್ರಿಪ್ಟ್ ನೋಡಿಕೊಳ್ಳುವವರು, ಮಂಗಳೂರು

ಮೇಲಿನವರಷ್ಟು ಓದಿದವನಲ್ಲ, ಪೆಟ್ಟು ತಿಂದವನು. ಮೂರು ಪೆಟ್ಟು ಹೇಳುತ್ತೇನೆ.

ಸಿಕ್ಕ ಸಾಲುಗಳನ್ನು ಹುಡುಕಿದ ಫೈಲಿಗೇ ವಾಪಸ್ ಬರೆಯಬೇಡಿ. ಬೇಡದ ಸಾಲು ಸೋಸಿ ಅದೇ ಫೈಲಿನಲ್ಲಿ ಇಡೋಣ ಎಂದು ಬಾಣದ ಗುರುತು ಹಾಕಿ ಅದೇ ಹೆಸರು ಕೊಟ್ಟೆ. ಶೆಲ್ ಮೊದಲು ಆ ಫೈಲನ್ನು ಖಾಲಿ ಮಾಡುತ್ತದೆ, ಆಮೇಲೆ ಗ್ರೆಪ್ಪನ್ನು ಕರೆಯುತ್ತದೆ. ಒಂದು ತಿಂಗಳ ಲಾಗ್ (ಯಂತ್ರ ಬರೆದಿಡುವ ದಿನಚರಿ) ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆ ಬೈಟ್ ಆಯಿತು. ಬ್ಯಾಕಪ್ ಇತ್ತು, ನೌಕರಿ ಉಳಿಯಿತು.

ಎರಡನೆಯದು ನಿಮಗೆ ನೇರವಾಗಿ ಬೇಕು. ಲೇಖಕರ ಹೆಸರುಗಳನ್ನೆಲ್ಲ ಒಂದು ಪಟ್ಟಿ ಮಾಡಿ, ಚಿಕ್ಕ -ಎಫ್ ಕೊಟ್ಟರೆ ಗ್ರೆಪ್ ಅಷ್ಟನ್ನೂ ಒಟ್ಟಿಗೆ ಹುಡುಕುತ್ತದೆ. ಪಟ್ಟಿಯಲ್ಲಿ ಎಲ್ಲಾದರೂ ಒಂದು ಖಾಲಿ ಸಾಲು ಉಳಿದರೆ ಜಗತ್ತಿನ ಎಲ್ಲ ಸಾಲೂ ಹೊಂದುತ್ತದೆ. ಅದೇ ಪಟ್ಟಿಯನ್ನು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಮಾಡಿದರೆ ಉಲ್ಟಾ: ಪ್ರತಿ ಹೆಸರಿನ ಬಾಲದಲ್ಲಿ ಕಾಣದ ಒಂದು ಅಕ್ಷರ ಅಂಟಿಕೊಂಡು ಯಾವ ಸಾಲೂ ಹೊಂದುವುದಿಲ್ಲ. ಡಾಸ್‌ಟುಯುನಿಕ್ಸ್ ಎಂಬ ಕಮಾಂಡ್ ಹಾಕಿ ತೊಳೆಯಿರಿ.

ಮೂರನೆಯದು, ಸಿಗಲಿಲ್ಲ ಎಂಬುದನ್ನು ಗ್ರೆಪ್ 1 ಎಂಬ ಅಂಕಿಯಿಂದ ತಿಳಿಸುತ್ತದೆ, ಫೈಲೇ ಇಲ್ಲ ಎಂಬಂಥ ನಿಜವಾದ ತಪ್ಪಿಗೆ 2. ಸ್ಕ್ರಿಪ್ಟಿನ ತಲೆಯಲ್ಲಿ ಸೆಟ್ -ಇ ಇದ್ದರೆ ಈ 1 ಕೂಡ ತಪ್ಪೆಂದು ಎಣಿಸಿ ಸ್ಕ್ರಿಪ್ಟ್ ನಿಲ್ಲುತ್ತದೆ. ದೋಷ ಹುಡುಕುವ ನನ್ನ ಸ್ಕ್ರಿಪ್ಟ್, ಯಾವ ದೋಷವೂ ಇಲ್ಲದ ರಾತ್ರಿಗಳಲ್ಲಿ ಮಾತ್ರ ಸಾಯುತ್ತಿತ್ತು.

ಪ್ರೋಗ್ರಾಮರ್, ಮ್ಯೂನಿಕ್‌ನಿಂದ

ಇಷ್ಟು ಕಷ್ಟ ಏಕೆ? ಆಂಡ್ರ್ಯೂ ಗ್ಯಾಲಂಟ್ 2016ರಲ್ಲಿ ಬಿಟ್ಟ ರಿಪ್‌ಗ್ರೆಪ್ ಎಂಬ ಹುಡುಕುವ ಪ್ರೋಗ್ರಾಂ ಹಾಕಿಕೊಳ್ಳಿ, ಮಿಂಚಿನಂತೆ ಓಡುತ್ತದೆ. ಗ್ರೆಪ್ಪೇ ಬೇಕೆಂದರೆ ಎಲ್‌ಸಿ_ಆಲ್ ಎಂಬ ಭಾಷೆಯ ಸೆಟ್ಟಿಂಗನ್ನು ಸಿ ಎಂದು ಇಟ್ಟು ಓಡಿಸಿ, ವೇಗ ಹೆಚ್ಚುತ್ತದೆ.

ಮತ್ತೆ ಮೈಸೂರಿನಿಂದ

ರಿಪ್‌ಗ್ರೆಪ್‌ಗೆ ನನ್ನ ಒಪ್ಪಿಗೆ ಇದೆ. ಆದರೆ ಅದು ಅಡಗಿಸಿದ ಫೈಲುಗಳನ್ನೂ ಬೈನರಿ (ಪಠ್ಯವಲ್ಲದ್ದು) ಎಂದು ಕಂಡದ್ದನ್ನೂ ತಾನಾಗಿಯೇ ಬಿಟ್ಟುಬಿಡುತ್ತದೆ ಎಂದು ಗೊತ್ತಿರಲಿ. ಎರಡನೆಯ ಸಲಹೆ ಇಂಗ್ಲಿಷ್ ಲಾಗ್ ನೋಡುವವರಿಗೆ ಸರಿ. ಕನ್ನಡದಲ್ಲಿ ಹಾಗೆ ಮಾಡಿದರೆ ಒಂದು ಚಿಹ್ನೆ ಮೂರು ತುಂಡಾಗಿ, ಚುಕ್ಕಿ ಎಂದರೆ ಅಕ್ಷರದ ಮೂರನೆಯ ಒಂದು ಪಾಲು ಎಂದಾಗುತ್ತದೆ. ದೊಡ್ಡ ಎಫ್ ಜೊತೆ ಹಾನಿಯಿಲ್ಲ. ನಾನು ಮೇಲೆ ಹೇಳಿದ ನಾಲ್ಕು ಆಯ್ಕೆಗಳ ಪರೀಕ್ಷೆ ಮಾತ್ರ ಪೂರ್ತಿ ಕೆಡುತ್ತದೆ. ವೇಗಕ್ಕಾಗಿ ಅಷ್ಟು ಬೆಲೆ ತೆರಬೇಕಾದ ಅವಸರ ಅವರಿಗಿಲ್ಲ.

ಪ್ರಶ್ನೆ ಕೇಳಿದವಳು, ಐದು ದಿನದ ನಂತರ

ಎಲ್ಲರಿಗೂ ವಂದನೆಗಳು. ಲೂಪ್ ಬಿಸಾಡಿದೆ. ಮುಕ್ಕಾಲು ಗಂಟೆಯ ಕೆಲಸ ಈಗ ನಾನು ಲೋಟ ಕೈಗೆತ್ತಿಕೊಳ್ಳುವ ಮೊದಲೇ ಮುಗಿದಿರುತ್ತದೆ. ಚಹಾ ಕುಡಿಯುವ ನೆಪ ಹೋಯಿತು.

ಮೈಸೂರಿನ ಅಣ್ಣ ಹೇಳಿದ ಎಣಿಕೆ ಮಾಡಿದೆ. 5 ಬಂತು, 7 ಬಂತು. ಒಂದೇ ಪದ ಎರಡು ಉದ್ದ ಇರುವುದನ್ನು ನೋಡಿ ಪಕ್ಕದ ಮೇಜಿನವರನ್ನೆಲ್ಲ ಕರೆದು ತೋರಿಸಿದೆ. ಕೂಡಿಸಿದ ಪ್ರತಿಯಲ್ಲಿ ಹುಡುಕಿದಾಗ 19 ಇದ್ದ ಕೋಲಾಟ 46 ಸಾಲಾಯಿತು. ನಮ್ಮ ಬಳಿ ಇಲ್ಲವೆಂದೇ ತಿಳಿದಿದ್ದ ಒಬ್ಬ ಲೇಖಕಿಯ ಏಳು ಲೇಖನಗಳು ಸಿಕ್ಕವು. ಏಳರಲ್ಲೂ ಹೆಸರು ಕೊನೆಯ ಸಾಲಿನಲ್ಲಿ, ಎಂಟರ್ ಒತ್ತದೆ ಬಿಟ್ಟಿದ್ದು.

ನಾಲ್ಕು ಆಯ್ಕೆಗಳ ಪರೀಕ್ಷೆಗೆ 212 ಫೈಲುಗಳ ಹೆಸರು ಬಂತು. ಎಲ್ಲವೂ ನುಡಿಯವೇ. ಪರಿವರ್ತಿಸಿ ಓದಲು ಕೂತಿದ್ದೇನೆ, ಇವತ್ತಿಗೆ ಮೂವತ್ತೊಂದು ಮುಗಿದಿವೆ. ಮಂಗಳೂರಿನವರೇ, ಬ್ಯಾಕಪ್ ಮೊದಲೇ ಎರಡು ಕಡೆ ತೆಗೆದಿಟ್ಟಿದ್ದೇನೆ.